ಅವಳ ಹೊತ್ತು, ನಮ್ಮ ಓದು

ನಮ್ಮ ಓದಿಗೆ ಈಗ ಉಳಿದಿರುವುದು ದಿನದ ಎರಡೇ ಹೊತ್ತು. ಒಂದು, ಭದ್ರಾವತಿಯಿಂದ ಶಿವಮೊಗ್ಗದ ಶಾಲೆಗೆ ಪಾಠ ಹೇಳಲು ಹೋಗಿಬರುವ ಬಸ್ಸಿನ ಹೊತ್ತು. ಅದೂ ಸೀಟು ಸಿಕ್ಕಿದರೆ. ಇನ್ನೊಂದು, ಮಗ್ರಿಬ್ ನಮಾಜಿಗೂ ಇಷಾ ನಮಾಜಿಗೂ ನಡುವಿನ ಸುಮಾರು ಒಂದು ಗಂಟೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಕಂಡಕ್ಟರ್ ಹರಿದು ಕೊಡುವ ಆ ಸೊನ್ನೆ ರೂಪಾಯಿಯ ಚೀಟಿಗಳು ನಮ್ಮ ಪುಸ್ತಕಗಳಲ್ಲೆಲ್ಲ ಸಿಕ್ಕಿಕೊಂಡಿವೆ. ಯಾವ ಪುಟದಲ್ಲಿ ಎಷ್ಟು ದಿನ ನಿಂತಿದ್ದೆವು ಎಂಬುದನ್ನು ಅವುಗಳ ಮೇಲಿನ ತಾರೀಕೇ ಹೇಳುತ್ತದೆ.

ವಿವೇಕ ಶಾನಭಾಗರ 'ಸಕೀನಾಳ ಮುತ್ತು' ಕಾದಂಬರಿಯಲ್ಲಿ ಹೀಗೆ ಹನ್ನೊಂದು ಚೀಟಿಗಳಿವೆ. 2021ರಲ್ಲಿ ಬಂದ ಪುಸ್ತಕವನ್ನು ನಾವು ಓದಿ ಮುಗಿಸಿದ್ದು ಮೊನ್ನೆ ಮೊನ್ನೆ. ಬೆಂಗಳೂರಿನ ಒಂದು ಮಧ್ಯಮವರ್ಗದ ಮನೆಯ ಬಾಗಿಲನ್ನು ಹುಡುಗರು ಬಂದು ತಟ್ಟಿ, ಮಗಳು ರೇಖಾ ಎಲ್ಲಿ ಎಂದು ಕೇಳುತ್ತಾರೆ. ಅವಳು ಊರಿನ ಹಳೆಯ ಮನೆಗೆ ಹೋಗಿದ್ದಾಳೆ, ಅಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ. ಅಲ್ಲಿಂದ ಮುಂದೆ ಅಪ್ಪ ವೆಂಕಟನಿಗೆ ತನ್ನ ಮಗಳ ವಿಷಯ ಎಷ್ಟು ಕಡಿಮೆ ಗೊತ್ತು ಎಂಬುದು ಒಂದೊಂದಾಗಿ ಹೊರಬೀಳುತ್ತದೆ. ತಾನು ಒಳ್ಳೆಯವನು, ಉದಾರಿ ಎಂದು ಅವನು ನಂಬಿದ್ದಾನೆ. ಆ ನಂಬಿಕೆಯೇ ಅವನಿಗೆ ಅಡ್ಡ. ಬಸ್ಸಿನಲ್ಲಿ ಕುಳಿತು ನಾವು ವೆಂಕಟನನ್ನು ನೋಡಿ ನಕ್ಕಿದ್ದುಂಟು. ಗಂಡಸರು ಹೀಗೇ, ಮಕ್ಕಳು ಏನು ಓದುತ್ತಾರೆಂದು ಅವರಿಗೇನು ಗೊತ್ತು ಎಂದುಕೊಂಡೆವು. ನಮ್ಮ ಮಗಳು ಏನು ಓದುತ್ತಿದ್ದಾಳೆ ಎಂದು ನಮ್ಮನ್ನು ಆ ವಾರ ಯಾರಾದರೂ ಕೇಳಿದ್ದರೆ, ದ್ವಿತೀಯ ಪಿಯುಸಿಯ ಪಾಠ ಎಂದಷ್ಟೇ ಹೇಳುತ್ತಿದ್ದೆವು.

ಅವಳು ಓದುತ್ತಿದ್ದುದು 'ಹಾರ್ಟ್ ಲ್ಯಾಂಪ್'.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಈ ಸಂಕಲನಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾವೂ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದವರೇ. ಕನ್ನಡದ ಪುಸ್ತಕವೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಸಿಹಿ ತಿಂದವರಲ್ಲಿ ಎಷ್ಟು ಜನ ಒಂದಾದರೂ ಕಥೆ ಓದಿದ್ದರೋ, ಕೇಳುವ ಧೈರ್ಯ ನಮಗಾಗಲಿಲ್ಲ. ಸರಿ, ಆ ಮಾತು ಬೇಡ. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕಥೆಗಳ ಆ ಪುಸ್ತಕವನ್ನು ಗೆಳತಿಯೊಬ್ಬಳಿಂದ ತಂದು ಮಗಳು ಗುಟ್ಟಾಗಿಯೇನೂ ಅಲ್ಲ, ನಮ್ಮ ಕಣ್ಣೆದುರಿಗೇ ಓದಿದ್ದಳು. ನಾವು ನೋಡಿರಲಿಲ್ಲ, ಅಷ್ಟೇ.

ನಮ್ಮ ಮನೆಗಳ ಕಥೆಯನ್ನು ಇಂಗ್ಲಿಷಿನಲ್ಲಿ ಓದುವ ಕರ್ಮವೇ ಎಂದು ಮೊದಲು ಸ್ವಲ್ಪ ಕೋಪ ಬಂತು. ಆದರೆ ಅನುವಾದದಲ್ಲಿ ನಮ್ಮ ಮಾತುಗಳನ್ನು ಓರೆ ಅಕ್ಷರದಲ್ಲಿ ಪ್ರತ್ಯೇಕಿಸಿಲ್ಲ, ಕೆಳಗೆ ಟಿಪ್ಪಣಿ ಹಾಕಿ ವಿವರಿಸಿಲ್ಲ. ಅದು ಅವಳಿಗೆ ಬಹಳ ಹಿಡಿಸಿತ್ತು. "ನಮ್ಮನ್ನು ಯಾರಿಗೋ ಪರಿಚಯ ಮಾಡಿಸೋ ಥರ ಇಲ್ಲ ಅಮ್ಮಿ" ಅಂದಳು. 'ಕೆಂಪು ಲುಂಗಿ' ಕಥೆಯಲ್ಲಿ ಬೇಸಿಗೆ ರಜೆಗೆ ಮನೆ ತುಂಬಿದ ಮಕ್ಕಳ ಗಲಾಟೆ ತಾಳಲಾರದೆ, ಹುಡುಗರಿಗೆಲ್ಲ ಖತ್ನಾ ಮಾಡಿಸಿ ಹಾಸಿಗೆಯಲ್ಲಿ ಮಲಗಿಸುವ ರಜಿಯಾಳ ಉಪಾಯಕ್ಕೆ ಇಬ್ಬರೂ ಸೇರಿ ನಕ್ಕೆವು. ಆಮೇಲೆ ಮಾತು 'ಎದೆಯ ಹಣತೆ'ಗೆ ಬಂತು.

ಈ ಕಥೆಯನ್ನು ನಾವು ಮೊದಲು ಓದಿದಾಗ ಇವಳು ನಮ್ಮ ತೊಡೆಯ ಮೇಲಿದ್ದ ಕೂಸು. ಗಂಡ ಕೈಬಿಟ್ಟ ಮೆಹರುನ್ ತವರಿಗೆ ಹೋಗುತ್ತಾಳೆ, ಅಣ್ಣಂದಿರು ಅವಳನ್ನು ತಿರುಗಿ ಅದೇ ಮನೆಗೆ ತಂದು ಬಿಡುತ್ತಾರೆ. ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಹಿರಿಮಗಳು ಸಲ್ಮಾ ಎಳೆಕೂಸಿನೊಡನೆ ಓಡಿಬಂದು ತಾಯಿಯನ್ನು ತಡೆಯುತ್ತಾಳೆ. ಅಂದು ನಾವು ಹೊಸದಾಗಿ ತಾಯಿಯಾದವರು, ಅತ್ತೆಮನೆಯಲ್ಲಿ ಇನ್ನೂ ಬೇರೂರದವರು. ಓದಿದ್ದೆಲ್ಲ ಮೆಹರುನ್ ಆಗಿಯೇ. ಮಗಳು ಕೈಹಿಡಿದಳಲ್ಲ, ಬದುಕಿದೆವು ಎಂಬ ಸಮಾಧಾನದಿಂದ ಪುಸ್ತಕ ಮುಚ್ಚಿದ್ದೆವು.

"ಮೆಹರುನ್ ಉಳಿದಳು, ಸರಿ" ಅಂದಳು ಮಗಳು. "ಮರುದಿನ ಬೆಳಿಗ್ಗೆ ಎದ್ದು ಪಾಪುವಿಗೆ ಹಾಲು ಕಾಯಿಸಿದ್ದು ಯಾರು ಅಮ್ಮಿ?"

ಸಲ್ಮಾಳೇ ಕಾಯಿಸಿರುತ್ತಾಳೆ ಎಂದು ಹೇಳಹೊರಟು ಸುಮ್ಮನಾದೆವು. ಅವಳು ಕೇಳಿದ್ದು ಕಥೆಯೊಳಗಿನ ಪ್ರಶ್ನೆಯೇ ಹೌದು, ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೆ ಅವಳ ಕೈಯಲ್ಲಿ ಲಟ್ಟಣಿಗೆ ಇತ್ತು. ಇಂಗ್ಲಿಷ್ ಪುಸ್ತಕ ಮಣೆಯ ಪಕ್ಕದಲ್ಲಿ ಬೋರಲಾಗಿ ಬಿದ್ದಿತ್ತು, ಎತ್ತಿ ನೋಡಿದರೆ ಹಾಳೆಗಳ ನಡುವೆ ಗೋಧಿಹಿಟ್ಟು. ಮಗ್ರಿಬ್‌ನಿಂದ ಇಷಾವರೆಗಿನ 'ನಮ್ಮ' ಗಂಟೆಯಲ್ಲಿ ಚಪಾತಿ ಮಾಡುತ್ತಿದ್ದವಳು ಅವಳು, ತಮ್ಮನ ಲೆಕ್ಕ ನೋಡುತ್ತಿದ್ದವಳೂ ಅವಳೇ. ಎಷ್ಟು ವರ್ಷದಿಂದ? ನಮ್ಮ ಎರಡನೆಯ ಕಥಾಸಂಕಲನ ಬರೆದದ್ದೆಲ್ಲ ಆ ಗಂಟೆಯಲ್ಲೇ. ಮುನ್ನುಡಿಯಲ್ಲಿ ಪ್ರಕಾಶಕರಿಂದ ಹಿಡಿದು ಅಕ್ಷರ ಜೋಡಿಸಿದವರವರೆಗೆ ಎಲ್ಲರನ್ನೂ ನೆನೆದಿದ್ದೇವೆ.

ನಮ್ಮ ಅಮ್ಮಿ ಉರ್ದು ಪತ್ರಿಕೆಯ ಧಾರಾವಾಹಿ ಓದುವಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಅಂಗಳ ಸುತ್ತುತ್ತಿದ್ದವರು ನಾವು. ಅದು ನೆನಪಿತ್ತು, ಒಂದು ಕಥೆಯಲ್ಲಿ ದೂರಿನಂತೆ ಬಂದೂ ಇದೆ. ಹನ್ನೊಂದು ವರ್ಷದ ಮಗನನ್ನು ಒಂದು ದಿನವಾದರೂ ಅಡುಗೆಮನೆಗೆ ಕರೆಯಬೇಕೆಂದು ಮಾತ್ರ ಹೊಳೆದಿರಲಿಲ್ಲ. ಸಮುದಾಯದ ಗಂಡಸರ ಮೇಲೆ ಇಷ್ಟೊಂದು ಬರೆದ ಕೈಗೆ ಇದು ಯಾಕೆ ಕಾಣಲಿಲ್ಲವೋ.

ಈಗ ಓದುತ್ತಿರುವುದು ಖಾಲಿದ್ ಜಾವೇದರ ಉರ್ದು ಕಾದಂಬರಿ 'ನೇಮತ್ ಖಾನಾ'. 2014ರಲ್ಲಿ ಬಂದದ್ದು, ಬಾರಾನ್ ಫಾರೂಖಿಯವರ ಇಂಗ್ಲಿಷ್ ಅನುವಾದಕ್ಕೆ 2022ರ ಜೆಸಿಬಿ ಪ್ರಶಸ್ತಿ ಬಂತು. ನೇಮತ್ ಖಾನಾ ಎಂದರೆ ಹಳೆಯ ಮನೆಗಳಲ್ಲಿ ತಿನಿಸು ಇಡುತ್ತಿದ್ದ ಜಾಲರಿ ಬಾಗಿಲಿನ ಕಪಾಟು. ನಮ್ಮ ಅಜ್ಜಿಯ ಮನೆಯಲ್ಲೂ ಒಂದಿತ್ತು. ಆದರೆ ಈ ಕಾದಂಬರಿಯ ಅಡುಗೆಮನೆಯಲ್ಲಿ ಅಜ್ಜಿಯ ನೆನಪಿನ ಸುವಾಸನೆ ಹುಡುಕುವವರು ಬೆಚ್ಚಿಬೀಳುತ್ತಾರೆ. ಕೂಡುಕುಟುಂಬದಲ್ಲಿ ಬೆಳೆಯುವ ಅನಾಥ ಹುಡುಗ ಗುಡ್ಡೂ ಮಿಯಾನಿಗೆ ಮನೆಯಲ್ಲಿ ಅತ್ಯಂತ ಅಪಾಯದ ಜಾಗ ಎಂದರೆ ಅಡುಗೆಮನೆ. ಅಲ್ಲಿ ಕೆಲವು ತಿನಿಸು ಬೇಯುವಾಗಲೇ ಕೆಡುಕು ಕಾದಿದೆ ಎಂದು ಅವನಿಗೆ ಅನಿಸತೊಡಗುತ್ತದೆ. ಹಸಿವು, ಕೋಪ, ಆಸೆ, ಬೆಂಕಿ ಎಲ್ಲ ಒಂದೇ ಕಡೆ ಇರುವ ಜಾಗವಲ್ಲವೇ ಅದು. ಸುಲಭದ ಓದಲ್ಲ, ಕೆಲವು ಪುಟಗಳು ಹೊಟ್ಟೆ ತೊಳಸುತ್ತವೆ. ಬಸ್ಸಿನಲ್ಲಂತೂ ಬೇಡ.

ಮಗಳಿಗೆ ಉರ್ದು ಅರ್ಥವಾಗುತ್ತದೆ, ಅಕ್ಷರ ಬಾರದು. ಕಲಿಸಲು ನಮಗೆ ಪುರುಸೊತ್ತಾಗಲಿಲ್ಲ ಎಂದು ನೆಂಟರಿಗೆಲ್ಲ ಹೇಳುತ್ತ ಬಂದಿದ್ದೇವೆ. ಈಗ ದಿನ ಬಿಟ್ಟು ದಿನ ಚಪಾತಿ ನಮ್ಮ ಪಾಲಿನದು. ಆ ಸಂಜೆ ಅವಳು ಕನ್ನಡದ 'ಎದೆಯ ಹಣತೆ'ಯನ್ನು ಗಟ್ಟಿಯಾಗಿ ಓದುತ್ತಾಳೆ, ಇಂಗ್ಲಿಷಿನಲ್ಲಿ ಹೀಗಿತ್ತು ಎಂದು ನಡುನಡುವೆ ನಿಲ್ಲಿಸುತ್ತಾಳೆ. ಭಾನುವಾರ ನಾವು 'ನೇಮತ್ ಖಾನಾ' ಓದಿ ಹೇಳುತ್ತೇವೆ. ಅರವತ್ತನೆಯ ಪುಟದ ಹತ್ತಿರ ಇದ್ದೇವೆ. ಹಿಟ್ಟು ಕಲಸುವುದು ಮಗನ ಕೆಲಸ. ಎಷ್ಟು ಹೇಳಿದರೂ ನೀರು ಹೆಚ್ಚು ಹಾಕುತ್ತಾನೆ.