ದಾರಿಯಲ್ಲೊಂದು ದಿನ ಸಿಂಗಪುರ

ಹಿಂದೆ ಯಾತ್ರೆಗೆ ಹೊರಟವರು ದಾರಿಯ ಛತ್ರದಲ್ಲಿ ಇಳಿದು, ಬುತ್ತಿ ಬಿಚ್ಚಿ, ಊರು ನೋಡಿಕೊಂಡು ಮುಂದೆ ಹೋಗುತ್ತಿದ್ದರು. ವಿಮಾನದಲ್ಲಿಯೂ ಹಾಗೆ ಮಾಡಬಹುದು. ವಿಮಾನ ಬದಲಿಸುವ ಊರಿನಲ್ಲಿ 24 ಗಂಟೆಗಿಂತ ಹೆಚ್ಚು ನಿಂತರೆ ಅದಕ್ಕೆ 'ಸ್ಟಾಪ್‌ಓವರ್' ಎನ್ನುತ್ತಾರೆ.

ನಮ್ಮ ಮಗಳು ಸಿಡ್ನಿಯಲ್ಲಿದ್ದಾಳೆ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿಂದ ಸಿಡ್ನಿಗೆ ಸುಮಾರು ಎಂಟು ಗಂಟೆ. ನನ್ನಾಕೆಗೆ ಮಂಡಿನೋವು, ಹೆಚ್ಚು ಹೊತ್ತು ಕುಳಿತರೆ ಪಾದ ಊದುತ್ತದೆ. "ನೀವೊಬ್ಬರೇ ಹೋಗಿ ಮೊಮ್ಮಗುವನ್ನು ನೋಡಿ ಬನ್ನಿ" ಎಂದುಬಿಟ್ಟಿದ್ದಳು. ಸಿಂಗಪುರದಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಸಂಜೆಯ ವಿಮಾನ ಹಿಡಿಯೋಣ ಎಂದ ಮೇಲೆ ಒಪ್ಪಿದಳು.

ಸಿಂಗಪುರ ಭೂಮಧ್ಯರೇಖೆಗೆ ಬಹಳ ಹತ್ತಿರ. ಅಲ್ಲಿ ವರ್ಷವಿಡೀ ಹಗಲು ಸುಮಾರು 12 ಗಂಟೆ, ಸೆಕೆಯೂ ವರ್ಷವಿಡೀ! ಆದ್ದರಿಂದ ಬೆಳಿಗ್ಗೆಯೇ ಸಸ್ಯೋದ್ಯಾನಕ್ಕೆ ಹೋದೆವು. 1859ರಲ್ಲಿ ಆರಂಭವಾದ ಈ ತೋಟ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆರ್ಕಿಡ್ ತೋಟ ಬಿಟ್ಟರೆ ಪ್ರವೇಶ ಉಚಿತ. ಮಕ್ಕಳೇ, ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟ ನೋಡಿದ್ದೀರಾ? ಮರ ಸಾಯದಂತೆ ತೊಗಟೆ ಗೀರಿ ಹಾಲು ಇಳಿಸುವ ವಿಧಾನವನ್ನು ಹೆನ್ರಿ ರಿಡ್ಲಿ ಎಂಬ ಸಸ್ಯವಿಜ್ಞಾನಿ ರೂಪಿಸಿದ್ದು ಇಲ್ಲಿಯೇ.

ಆಮೇಲೆ ಸೌತ್ ಬ್ರಿಡ್ಜ್ ರಸ್ತೆ. ಅಲ್ಲಿ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ್ ದೇವಸ್ಥಾನವಿದೆ. ಅದೇ ರಸ್ತೆಯಲ್ಲಿ ಜಾಮೆ ಮಸೀದಿ, ಬುದ್ಧನ ಮಂದಿರ. ಸುತ್ತಲೂ ಚೀನೀಯರ ಪೇಟೆ. ಮೂರನ್ನೂ ನನ್ನಾಕೆ ನಿಧಾನವಾಗಿ ನಡೆದೇ ನೋಡಿದಳು.

ಊಟಕ್ಕೆ 'ಹಾಕರ್ ಸೆಂಟರ್'. ಒಂದೇ ಸೂರಿನಡಿ ಹತ್ತಾರು ಅಂಗಡಿಗಳು, ನಡುವೆ ಮೇಜುಗಳು. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿದ್ದರೆ ಆ ಜಾಗ ಹಿಡಿದಾಯಿತು ಎಂದರ್ಥ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಅದೇ ಪದ್ಧತಿ! ಉಂಡ ಮೇಲೆ ತಟ್ಟೆಯನ್ನು ನಾವೇ ಒಯ್ದು ಇಡಬೇಕು.

ಬ್ಯಾಂಕಿನಲ್ಲಿದ್ದವನಲ್ಲವೇ, ಲೆಕ್ಕ ಹಾಕಿದೆ. ಖರ್ಚು: ಒಂದು ರಾತ್ರಿಯ ಹೋಟೆಲು, ಊಟ, ಮೆಟ್ರೊ. ಜಮಾ: ಒಂದು ಹೊಸ ಊರು, ಸಿಡ್ನಿಯಲ್ಲಿ ಗಾಲಿಕುರ್ಚಿ ಬೇಡವೆಂದು ನಡೆದು ಹೊರಬಂದ ಅಜ್ಜಿ.

ನೀವೂ ಹೊರಡುವುದಾದರೆ, ಟಿಕೆಟ್ ಕೊಳ್ಳುವಾಗಲೇ ಇದನ್ನು ಕೇಳಿ. ಕೆಲವು ಟಿಕೆಟ್‌ಗಳಲ್ಲಿ ದರ ಹೆಚ್ಚುವುದಿಲ್ಲ, ಕೆಲವದರಲ್ಲಿ ಹೆಚ್ಚುತ್ತದೆ. ಆ ದೇಶದ ವೀಸಾ ನಿಯಮವನ್ನು ಮೊದಲೇ ತಿಳಿದುಕೊಳ್ಳಿ. ಪೆಟ್ಟಿಗೆಗಳು ದಾರಿಯಲ್ಲೇ ಕೈಗೆ ಬರುತ್ತವೆಯೋ, ನೇರ ಮುಂದಿನ ಊರಿಗೆ ಹೋಗುತ್ತವೆಯೋ ವಿಚಾರಿಸಿ. ಔಷಧಿ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಮಕ್ಕಳೇ, ಅಜ್ಜ ಅಜ್ಜಿಯ ಟಿಕೆಟ್ ಮಾಡಿಸುವ ಮುನ್ನ ನೀವು ಭೂಪಟ ಹರಡಿ. ದಾರಿಯಲ್ಲಿ ಯಾವ ಊರು ಸಿಗುತ್ತದೆಂದು ಅವರಿಗೆ ತೋರಿಸಿ.