ನಿಂತ ಗಿರಣಿ, ನಿಲ್ಲದ ಕೈ

ಊರುಗಳಿಗೂ ಏಳುಬೀಳುಗಳುಂಟು. 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಕಲಬುರಗಿಯು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಆ ಪದವಿಯನ್ನು ಬೀದರಿಗೆ ಬಿಟ್ಟುಕೊಡಬೇಕಾಯಿತು. ಅರಸರು ತೆರಳಿದರೂ ದುಡಿಯುವ ಜನರು ಉಳಿದರು. ಆದುದರಿಂದ ಊರೂ ಉಳಿಯಿತು.

ಆಧುನಿಕ ಕಾಲದಲ್ಲಿ ಈ ನಗರದ ಉದ್ಯಮಕ್ಕೆ ನಾಂದಿಯಾದುದು ಆರನೆಯ ನಿಜಾಮ ಮಹಬೂಬ್ ಅಲೀ ಖಾನರ ಹೆಸರು ಹೊತ್ತ ಬಟ್ಟೆಯ ಗಿರಣಿ. ರೋಗಗ್ರಸ್ತ ಗಿರಣಿಗಳ ರಾಷ್ಟ್ರೀಕರಣದ ಶಾಸನವು 1974ರಲ್ಲಿ ಬಂದಾಗ ಅದು ರಾಷ್ಟ್ರೀಯ ಜವಳಿ ನಿಗಮದ ಆಶ್ರಯಕ್ಕೆ ಸೇರಿತು. ಆ ಆಶ್ರಯವೂ ಶಾಶ್ವತವಾಗಲಿಲ್ಲ. ಹಳೆಯ ಯಂತ್ರ, ಏರುವ ವೆಚ್ಚ, ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆ ಇವು ದೇಶದ ಎಷ್ಟೋ ಗಿರಣಿಗಳನ್ನು ನುಂಗಿದವು. ಕಲಬುರಗಿಯ ಗಿರಣಿಯೂ ಮುಚ್ಚಿತು, ಎಂ.ಎಸ್.ಕೆ. ಮಿಲ್ ಎಂಬ ಹೆಸರು ಮಾತ್ರ ಬಡಾವಣೆಗೆ ಅಂಟಿಕೊಂಡು ಉಳಿಯಿತು.

ಗಿರಣಿ ನಿಂತರೆ ಮೊದಲು ಬರಿದಾಗುವುದು ಒಲೆ. ಆದರೆ ಅದರೊಡನೆ ಇನ್ನೊಂದು ಸಂಪತ್ತೂ ಸದ್ದಿಲ್ಲದೆ ಕರಗುತ್ತದೆ. ಹರಿದ ನೂಲನ್ನು ಕಣ್ಣಿಗಿಂತ ಮೊದಲೇ ಅರಿಯುವ ಬೆರಳು, ಮಗ್ಗದ ದನಿಯಿಂದಲೇ ದೋಷವನ್ನು ಗುರುತಿಸುವ ಕಿವಿ, ಇವು ಪಾಳಿಪಾಳಿಯ ದುಡಿಮೆಯಿಂದ ಸಿದ್ಧಿಸಿದ ವಿದ್ಯೆಗಳು. ಕಲಿಸುವವನಿದ್ದೂ ಕಲಿಯುವವನಿಲ್ಲದಿದ್ದರೆ ಒಂದು ತಲೆಮಾರಿನಲ್ಲಿಯೇ ಅವು ಲುಪ್ತವಾಗುತ್ತವೆ.

ಆದರೂ ಈ ನೆಲ ಬಂಜೆಯಲ್ಲ. ಚಿತ್ರಕಾರ ಎಸ್.ಎಂ. ಪಂಡಿತರು (1916–1993) ಹುಟ್ಟಿದ್ದು ಇಲ್ಲಿಯೇ. ಮುಂಬಯಿಯ ಚಲನಚಿತ್ರಗಳ ಭಿತ್ತಿಚಿತ್ರಗಳಿಂದಲೂ ಮನೆಮನೆಯ ಗೋಡೆಗೇರಿದ ಪೌರಾಣಿಕ ಚಿತ್ರಗಳಿಂದಲೂ ಅವರು ದೇಶಕ್ಕೆಲ್ಲ ಪರಿಚಿತರಾದರು. ನಗರದ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಚಿತ್ರಕಲಾ ಶಾಲೆಗಳಲ್ಲಿ ಎಳೆಯ ಕೈಗಳು ಕುಂಚ ಹಿಡಿಯುತ್ತಿವೆ. ಕಲೆಯೊಂದೇ ಸಾವಿರಾರು ಮನೆಗಳ ಒಲೆ ಹೊತ್ತಿಸಲಾರದು, ನಿಜ. ಆದರೆ ಕೈಗೆ ತಿದ್ದುವವರು ದೊರೆತರೆ ಈ ಊರು ಏನನ್ನು ಕೊಡಬಲ್ಲುದೆಂಬುದಕ್ಕೆ ಪಂಡಿತರೇ ಸಾಕ್ಷಿ.

ನಗರದಿಂದ ಹುಮನಾಬಾದಿನ ದಾರಿ ಹಿಡಿದರೆ ಸಿಗುವ ಕಮಲಾಪುರವೂ ಇದೇ ಪಾಠವನ್ನು ಹೇಳುತ್ತದೆ. ಅಲ್ಲಿಯ ಕೆಂಪು ಬಾಳೆಯು ಭೌಗೋಳಿಕ ಸೂಚಿಯ ಮನ್ನಣೆ ಪಡೆದಿದೆ. ಸಾಮಾನ್ಯ ಬಾಳೆಗಿಂತ ಅದು ಫಲಕ್ಕೆ ಬರುವುದು ತಡ. ಅಷ್ಟು ಕಾಲ ನೀರು, ಗೊಬ್ಬರ, ಕಾವಲುಗಳ ಹೊರೆ ರೈತನದೇ. ಕಲಬುರಗಿಯ ತೊಗರಿಗೂ 2019ರಲ್ಲಿ ಅದೇ ಮನ್ನಣೆ ದೊರೆತಿದೆ. ಆದರೂ ನಗರದ ಹಲವು ದಾಲ್ ಮಿಲ್ಲುಗಳು ಬಾಗಿಲು ಮುಚ್ಚಿವೆ. ಬಿರುದು ಬೆಳೆಯನ್ನು ಕಾಯುವುದಿಲ್ಲ. ಬೆಳೆಯುವವನಿಗೆ ತಕ್ಕ ಬೆಲೆ ದೊರೆತರೆ ಅವನೇ ಅದನ್ನು ಕಾಯುತ್ತಾನೆ.

2023ರಲ್ಲಿ ಕೇಂದ್ರ ಸರಕಾರವು ದೇಶದ ಏಳು ಬೃಹತ್ ಜವಳಿ ಪಾರ್ಕುಗಳಿಗೆ ಸ್ಥಳಗಳನ್ನು ಘೋಷಿಸಿದಾಗ ಕರ್ನಾಟಕದ ಪಾಲಿನದು ಕಲಬುರಗಿಗೆ ಒದಗಿತು. ಭೂಮಿ, ಕಟ್ಟಡ, ಯಂತ್ರಗಳನ್ನು ಹಣದಿಂದ ತರಬಹುದು. ಅಲ್ಲಿ ಈ ಊರಿನ ಮಕ್ಕಳು ಕುಶಲಕರ್ಮಿಗಳಾಗಿ ನಿಲ್ಲುವರೋ, ಬಾಗಿಲು ಕಾಯುವವರಾಗಿ ನಿಲ್ಲುವರೋ ಎಂಬುದು ಶಿಕ್ಷಣವನ್ನು ಅವಲಂಬಿಸಿದೆ. ಹಳೆಯ ಗಿರಣಿಯ ಕೆಲಸಗಾರರಲ್ಲಿ ಬದುಕಿರುವವರ ಅನುಭವವನ್ನು ಈಗಲೇ ಬರೆದಿಡಬೇಕು. ಶಾಲೆಗಳಲ್ಲಿ ಓದಿನ ಜೊತೆಗೆ ಕೈಕೆಲಸಕ್ಕೂ ಗೌರವದ ಸ್ಥಾನ ಸಲ್ಲಬೇಕು. ದಾನಿಗಳ ಔದಾರ್ಯವು ಕಟ್ಟಡಗಳಿಗೆ ಸಲ್ಲುವಂತೆಯೇ ಒಂದು ಮಗ್ಗಕ್ಕೆ, ಒಂದು ಕಮ್ಮಟಕ್ಕೆ, ಒಬ್ಬ ಕುಶಲ ಗುರುವಿನ ಸಂಬಳಕ್ಕೂ ಸಲ್ಲಲಿ.