ಹೊತ್ತವರ ಹೆಸರು

ನನ್ನ ಅಜ್ಜಿ ಪ್ಲೇಗಿನ ಕಾಲವನ್ನು ಕಂಡವಳು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಸಾಕು, ಊರಿಗೆ ಊರೇ ಬಾಗಿಲಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದ ಸಂಗತಿಯನ್ನು ಅವಳು ಕಥೆಯಂತೆ ಹೇಳುತ್ತಿದ್ದಳು. “ಸತ್ತವರನ್ನು ಹೊರುತ್ತಿದ್ದವರು ಯಾರಜ್ಜಿ?” ಎಂದು ನಾನೊಮ್ಮೆ ಕೇಳಿದೆ. “ಯಾರೋ ನಾಲ್ಕು ಜನ ಪುಣ್ಯಾತ್ಮರಿದ್ದರು ಮಗು. ಅವರ ಹೆಸರು ಈಗ ಯಾರಿಗೆ ನೆನಪಿದೆ?” ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ ಒಂದು ಕಾದಂಬರಿಯನ್ನು ಓದುವಾಗ ಅಜ್ಜಿಯ ಮಾತು ಮತ್ತೆ ನೆನಪಾಯಿತು. ಅಮೆರಿಕದ ಲೇಖಕಿ ಲಾರಿ ಹಾಲ್ಸ್ ಆಂಡರ್ಸನ್ ಕಿಶೋರರಿಗಾಗಿ ಬರೆದ ‘ಫೀವರ್ 1793’ ಎಂಬ ಆ ಕೃತಿ 2000ದಲ್ಲಿ ಪ್ರಕಟವಾಯಿತು. ಅದರ ನಾಯಕಿ ಮಟಿಲ್ಡಾ ಹದಿನಾಲ್ಕು ವರ್ಷದವಳು, ನಿಮ್ಮದೇ ವಯಸ್ಸು. ಫಿಲಡೆಲ್ಫಿಯಾ ನಗರದಲ್ಲಿ ಅವಳ ತಾಯಿ ಕಾಫಿ ಹೋಟೆಲು ನಡೆಸುತ್ತಾಳೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಇದ್ದಕ್ಕಿದ್ದಂತೆ ಸಾಯುತ್ತಾಳೆ. ಮಟಿಲ್ಡಾಳೂ ಜ್ವರದಲ್ಲಿ ಬಿದ್ದು ಏಳುತ್ತಾಳೆ, ಅಜ್ಜನನ್ನು ಕಳೆದುಕೊಳ್ಳುತ್ತಾಳೆ, ಅನಾಥ ಮಗುವೊಂದನ್ನು ಎತ್ತಿಕೊಂಡು ಬರಿದಾದ ಬೀದಿಗಳಲ್ಲಿ ನಡೆಯುತ್ತಾಳೆ. ಮಟಿಲ್ಡಾ ಕಲ್ಪನೆಯ ಹುಡುಗಿ. ಆದರೆ ಆ ಜ್ವರ ಕಲ್ಪನೆಯಲ್ಲ.

1793ರಲ್ಲಿ ಫಿಲಡೆಲ್ಫಿಯಾ ಅಮೆರಿಕದ ರಾಜಧಾನಿಯಾಗಿತ್ತು. ಅಲ್ಲಿನ ಜನಸಂಖ್ಯೆ ಸುಮಾರು 50,000. ಆಗಸ್ಟಿನಲ್ಲಿ ಹಡಗುಕಟ್ಟೆಯ ಬಳಿ ತಲೆದೋರಿದ ಹಳದಿ ಜ್ವರ ನವೆಂಬರಿನ ಚಳಿ ಬೀಳುವಷ್ಟರಲ್ಲಿ ಸುಮಾರು 5,000 ಜನರನ್ನು ಬಲಿ ತೆಗೆದುಕೊಂಡಿತು. ಅನುಕೂಲವಿದ್ದವರು ಊರು ಬಿಟ್ಟರು. ಅಧ್ಯಕ್ಷ ವಾಷಿಂಗ್ಟನ್ನರೂ ಹೊರಟುಹೋದರು. ಪ್ರಸಿದ್ಧ ವೈದ್ಯರಾದ ಬೆಂಜಮಿನ್ ರಶ್ ಊರು ಬಿಡದೆ ಹಗಲಿರುಳು ದುಡಿದರು. ಆದರೆ ಕಟ್ಟೆಯಲ್ಲಿ ಕೊಳೆಯುತ್ತಿದ್ದ ಕಾಫಿಬೀಜದ ದುರ್ಗಂಧವೇ ರೋಗದ ಮೂಲವೆಂದು ಅವರು ತಿಳಿದಿದ್ದರು. ರೋಗಿಗಳ ರಕ್ತ ತೆಗೆದು, ಪಾದರಸದ ಭೇದಿಮದ್ದನ್ನು ಕೊಡುತ್ತಿದ್ದರು. ಒಳ್ಳೆಯ ಮನಸ್ಸಿದ್ದರೆ ಸಾಲದು, ನಿಜವಾದ ತಿಳಿವಳಿಕೆಯೂ ಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ಕಪ್ಪು ಜನರಿಗೆ ಈ ಜ್ವರ ತಗಲದೆಂದು ರಶ್ ನಂಬಿದ್ದರು. ಆದ್ದರಿಂದ ನೆರವಿಗೆ ಬರಬೇಕೆಂದು ಅವರನ್ನು ಕೇಳಿಕೊಳ್ಳಲಾಯಿತು. ಅಬ್ಸಲಾಮ್ ಜೋನ್ಸ್, ರಿಚರ್ಡ್ ಆಲೆನ್ ಎಂಬಿಬ್ಬರು 1787ರಲ್ಲಿ ಸ್ವತಂತ್ರ ಆಫ್ರಿಕನ್ ಸಂಘವನ್ನು ಸ್ಥಾಪಿಸಿದ್ದರು. ಇಬ್ಬರೂ ಒಂದು ಕಾಲಕ್ಕೆ ಗುಲಾಮರಾಗಿದ್ದವರೇ. ಈ ಸಂಘದವರು ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡಿದರು. ಬಂಧುಗಳೇ ಬಿಟ್ಟುಹೋದ ಹೆಣಗಳನ್ನು ಹೊತ್ತು ಮಣ್ಣುಮಾಡಿದರು. ರಶ್ ಅವರ ನಂಬಿಕೆ ಸುಳ್ಳಾಗಿತ್ತು. ಕಪ್ಪು ಜನರಲ್ಲಿಯೂ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು.

ಜ್ವರ ಇಳಿದೊಡನೆ ಮ್ಯಾಥ್ಯೂ ಕ್ಯಾರಿ ಎಂಬ ಪ್ರಕಾಶಕರು ಅದರ ವೃತ್ತಾಂತವನ್ನು ಅಚ್ಚು ಹಾಕಿಸಿದರು. ಅದರಲ್ಲಿ ಜೋನ್ಸ್ ಮತ್ತು ಆಲೆನ್ ಅವರ ಪ್ರಶಂಸೆಯಿತ್ತು. ಆದರೆ ಕಪ್ಪು ಶುಶ್ರೂಷಕರಲ್ಲಿ ಕೆಲವರು ವಿಪರೀತ ಹಣ ಸುಲಿದರು, ಕಳವು ಮಾಡಿದರು ಎಂಬ ದೂಷಣೆಯೂ ಇತ್ತು. ತಮಗೆ ದೊರೆತ ಹೊಗಳಿಕೆಯಿಂದ ಅವರಿಬ್ಬರೂ ತೃಪ್ತರಾಗಿ ಸುಮ್ಮನಿರಬಹುದಾಗಿತ್ತು. ಅವರು ಸುಮ್ಮನಿರಲಿಲ್ಲ. ಇಬ್ಬರನ್ನು ಮಾತ್ರ ಹೊಗಳಿದರೆ ಹೆಸರಿಲ್ಲದ ಉಳಿದವರ ಮೇಲೆ ಕಳಂಕ ಉಳಿಯುತ್ತದೆಂದು ಅವರು ಅರಿತರು. 1794ರಲ್ಲಿ ತಾವೇ ಒಂದು ಪುಸ್ತಿಕೆಯನ್ನು ಪ್ರಕಟಿಸಿ, ಬಂದ ಹಣಕ್ಕಿಂತ ವೆಚ್ಚವಾದದ್ದೇ ಹೆಚ್ಚೆಂದು ಲೆಕ್ಕ ತೋರಿಸಿದರು. ಕೂಲಿ ಕೇಳದೆ ದುಡಿದ ಬಡವರ ಸೇವೆಯನ್ನು ದಾಖಲಿಸಿದರು. ನಗರದ ಮೇಯರರೂ ಅವರ ಕೆಲಸವನ್ನು ಮೆಚ್ಚಿ ಸಾಕ್ಷಿ ನುಡಿದರು. ಕಾದಂಬರಿಯಲ್ಲಿ ಮಟಿಲ್ಡಾಳ ಮನೆಯ ಅಡುಗೆಯಾಕೆ ಎಲೈಜಾ ಈ ಸಂಘದವರೊಡನೆ ದುಡಿಯುತ್ತಾಳೆ. ಎರಡು ಶತಮಾನಗಳ ಬಳಿಕವೂ ಆ ಸೇವೆ ಕಥೆಯಾಗಿ ಮಕ್ಕಳನ್ನು ತಲುಪಿದೆ.

ರೋಗವನ್ನು ಹರಡಿದ್ದು ಕಾಫಿಯ ದುರ್ಗಂಧವಲ್ಲ, ಸೊಳ್ಳೆ. ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಇದನ್ನು ಸೂಚಿಸಿದರು. 1900ರಲ್ಲಿ ವಾಲ್ಟರ್ ರೀಡ್ ಮತ್ತು ಸಂಗಡಿಗರು ಪ್ರಯೋಗಗಳಿಂದ ಸಿದ್ಧಪಡಿಸಿದರು. ನಮ್ಮಲ್ಲಿ ಹಳದಿ ಜ್ವರವಿಲ್ಲ. ಆದರೆ ಅದೇ ಈಡಿಸ್ ಸೊಳ್ಳೆ ನಮ್ಮ ಮನೆಯ ತೊಟ್ಟಿಯ ನೀರಿನಲ್ಲಿ ಬೆಳೆದು ಡೆಂಗಿ ಜ್ವರವನ್ನು ಹರಡುತ್ತಿದೆ. ನಿಂತ ನೀರನ್ನು ಚೆಲ್ಲುವುದು ನಮ್ಮ ಕರ್ತವ್ಯ.

ಇನ್ನೊಂದು ಕರ್ತವ್ಯವೂ ಇದೆ. ಸಂಕಟದ ದಿನಗಳು ಕಳೆದ ಮೇಲೆ, ನಮ್ಮನ್ನು ಹೊತ್ತವರು ಯಾರೆಂದು ಕೇಳಿ ತಿಳಿದು ಬರೆದಿಡುವುದು. ಅಜ್ಜಿ ಹೇಳಿದ ಆ ನಾಲ್ವರ ಹೆಸರನ್ನು ಹುಡುಕಲು ಈಗ ನನಗೆ ದಾರಿಯಿಲ್ಲ. ಅವರನ್ನು ಬಲ್ಲವರು ಇನ್ನೂ ಬದುಕಿದ್ದಾಗಲೇ ನಾನು ಇನ್ನೊಂದು ಬಾರಿ ಕೇಳಬೇಕಾಗಿತ್ತು.